ಕಾಗೆ ಸುದ್ದಿಗೆ ಬೆಲ್ಲ

ಸಂಜೆ ಕಾಗೆಗಳು ಬರುವ ಹೊತ್ತಿನಲ್ಲಿ ನಮ್ಮೂರಿನಲ್ಲಿ ಯಾರೂ ಮಾತಾಡುವುದಿಲ್ಲ. ಆಡಿದರೂ ಕೇಳುವುದಿಲ್ಲ. ಮೊದಲು ಕೆರೆಯ ಕಡೆಯಿಂದ ಒಂದು ಕಪ್ಪು ಗೆರೆ ಕಾಣುತ್ತದೆ. ಆಮೇಲೆ ಗುಡ್ಡದ ಕಡೆಯಿಂದ, ಗಿರಣಿಯ ಕಡೆಯಿಂದ. ಕೋರ್ಟಿನ ಮಾಡು, ಟಾಕೀಸಿನ ಗೋಡೆ, ಬಸ್ ಸ್ಟ್ಯಾಂಡಿನ ಮಳೆಮರಗಳು, ಕರೆಂಟಿನ ತಂತಿ, ಎಲ್ಲವೂ ಕಪ್ಪಾಗುತ್ತವೆ. ಕೂತವು ಎದ್ದು, ಎದ್ದವು ಕೂತು, ಅವುಗಳ ಜಾಗದ ಜಗಳ ಮುಗಿಯುವ ತನಕ ಊರು ಕೈಸನ್ನೆಯಲ್ಲಿ ನಡೆಯುತ್ತದೆ. ತರಕಾರಿಯವಳು ಬೆರಳಲ್ಲಿ ದರ ಹೇಳುತ್ತಾಳೆ, ನಾವು ಹುಬ್ಬಲ್ಲಿ ಚೌಕಾಸಿ ಮಾಡುತ್ತೇವೆ. ಅಂಗೈ ಎದೆಗಿಟ್ಟರೆ ನಿಜ, ಅಂಗೈ ಮಗುಚಿದರೆ ಸುಳ್ಳು. ಗಂಡ ಹೆಂಡಿರ ಜಗಳ ಅರ್ಧಕ್ಕೆ ನಿಂತು, ಕಾಗೆಗಳು ಕೂತ ಮೇಲೆ ನಿಂತ ಮಾತಿನಿಂದಲೇ ಮುಂದುವರಿಯುತ್ತದೆ. ಆ ಹೊತ್ತಿನಲ್ಲಿ ಹೊರಗಿರುವವರೆಲ್ಲ ಛತ್ರಿಯಡಿಯಲ್ಲಿರುತ್ತಾರೆ, ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ.

ಛತ್ರಿ ಹಿಕ್ಕೆಗೆ ಹೆದರಿ ಅಲ್ಲ. ಹಿಕ್ಕೆ ತೊಳೆದರೆ ಹೋಗುತ್ತದೆ. ಕಾಗೆ ತಲೆ ಮುಟ್ಟಿದರೆ ಮಾತ್ರ ತೊಳೆದು ಹೋಗುವುದಿಲ್ಲ. ಮುಟ್ಟಿಸಿಕೊಂಡವರು ಸತ್ತರೆಂದು ಯಾರಿಗಾದರೂ ಸುದ್ದಿ ಹೋಗಬೇಕು. ಅದನ್ನು ನಂಬಿ ಅವರು ಅಳಬೇಕು. ಅದೂ ಮರುದಿನ ಸಂಜೆ ಕಾಗೆಗಳು ಬಂದು ಕೂರುವುದರೊಳಗೆ. ಇಲ್ಲದಿದ್ದರೆ ಸಾವು ನಿಜವಾಗುತ್ತದೆ. ಅತ್ತಾದ ಮೇಲೆ ತೊಳೆದ ಒಂದು ಸಾಸರನ್ನು ಹೊಸ್ತಿಲ ಮೇಲೆ ಇಡುತ್ತಾರೆ. ಅದನ್ನು ಕಂಡು ಬೆಲ್ಲ ಬರುತ್ತದೆ. ಕಾಗೆ ಸುದ್ದಿ, ಸುಳ್ಳು, ಬದುಕಿದ್ದಾರೆ, ಬಾಯಿ ಸಿಹಿ ಮಾಡಿಕೊಳ್ಳಿ. ನಿಜವಾಗಿ ಸತ್ತಿದ್ದರೆ ಬೆಲ್ಲ ಬರುವುದಿಲ್ಲ. ಕಾಗೆಗಳು ಕೂತ ಮೇಲೂ ಹೊಸ್ತಿಲ ಮೇಲೆ ಸಾಸರು ಬರಿದಾಗಿದ್ದರೆ ಬೀದಿಯವರು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ.

ಇನ್ನೊಂದು ಕಟ್ಟಳೆಯಿದೆ. ಒಬ್ಬರಿಗಾಗಿ ಇನ್ನೊಬ್ಬರು ಒಂದೇ ಸಲ ಅಳಬಹುದು. ಎರಡನೆಯ ಸಲದ್ದು ಲೆಕ್ಕಕ್ಕಿಲ್ಲ. ಹೀಗಾಗಿ ಇಲ್ಲಿಯ ಜನ ನೆಂಟರನ್ನು ಜೋಪಾನವಾಗಿ ಬಳಸುತ್ತಾರೆ. ಒಮ್ಮೆ ಅತ್ತವರನ್ನು ಖರ್ಚಾದವರು ಎನ್ನುತ್ತಾರೆ. ಮದುವೆಯ ಮಾತುಕತೆಯಲ್ಲಿ ಹುಡುಗನ ಕಡೆಯವರು ಕೆಲಸ, ಮನೆ ಎಲ್ಲ ಹೇಳಿದ ಮೇಲೆ ಹೆಣ್ಣಿನ ತಂದೆ ಮೆಲ್ಲಗೆ ಕೇಳುವುದು ಇದನ್ನೇ: "ನಿಮ್ಮಲ್ಲಿ ಇನ್ನೂ ಖರ್ಚಾಗ್ದೇ ಇರೋರು ಎಷ್ಟು ಜನ ಅವ್ರೆ?"

ನಾನು ಹೊರಗಿನಿಂದ ಬಂದವಳು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ. ಬೋರೇಶ ನಮ್ಮ ವಿಶ್ವವಿದ್ಯಾಲಯದ ಗೇಟಿನ ಎದುರು ಮಳೆಗಾಲದಲ್ಲಿ ಛತ್ರಿ ಮಾರಲು ಬರುತ್ತಿದ್ದ. ಅವನಿಂದ ಕೊಂಡ ಛತ್ರಿ ಮುಚ್ಚುತ್ತಿರಲಿಲ್ಲ. ಬಿಚ್ಚಿದ ಛತ್ರಿಯನ್ನು ಹಿಡಿದುಕೊಂಡೇ ಜಗಳಕ್ಕೆ ಹೋದೆ. "ನಮ್ಮೂರಲ್ಲಿ ಮುಚ್ಚೋ ಪ್ರಮೇಯನೇ ಬರಲ್ಲ ಮೇಡಂ," ಅಂದ. ಹಾಗೆ ಪರಿಚಯ. ಮದುವೆಯಾಗಿ ಬಂದ ಮೇಲೆ ಈ ಊರಿನ ತರ್ಕದಲ್ಲಿ ತಪ್ಪು ಎಲ್ಲಿದೆಯೆಂದು ಕೆಲವು ದಿನ ಹುಡುಕಿದೆ. ಸಿಗಲಿಲ್ಲ. ಛತ್ರಿ ಹಿಡಿಯುವುದನ್ನು ಕಲಿತೆ.

ನಮ್ಮ ಬೀದಿಗೆ ಸಾವಿನ ಸುದ್ದಿ ತರುವವನು ಹೊನ್ನಯ್ಯ. ಬೆಲ್ಲ ತರುವವಳು ಅವನ ಹೆಂಡತಿ ಚಿಕ್ಕತಾಯಮ್ಮ. ಅಳಿಸಿದ ಬಾಯಿ ನಗಿಸಬಾರದೆಂದು ಇಬ್ಬರು. "ಅವ್ನಿಗೇನು, ಬೆಂಕಿ ಹಚ್ಚಿ ಬತ್ತಾನೆ. ಹಿಂದಿಂದೇ ನೀರು ಹುಯ್ಕೊಂಡು ಹೋಗೋಳು ನಾನು," ಎಂದು ಅವಳು. "ಬೆಲ್ಲ ಕೊಟ್ರೆ ಕತ್ತೇನೂ ನಗ್ತದೆ. ಒಂದ್ಸಲ ಯಾರ್ನಾದ್ರೂ ಅಳಿಸು ನೋಡಾನ," ಎಂದು ಅವನು. ಈ ಜಗಳವೂ ದಿನಾ ಕಾಗೆ ಬಂದಾಗ ನಿಂತು, ಕೂತ ಮೇಲೆ ಮುಂದುವರಿಯುವಂಥದ್ದು.

ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಹೊನ್ನಯ್ಯ ಬಂದು ಟೊಪ್ಪಿಗೆ ತೆಗೆದು, "ಅವ್ವಾ, ಹೆಂಗೆ ಹೇಳ್ಲಿ, ಬೋರೇಸಪ್ಪ..." ಎಂದು ನಿಲ್ಲಿಸಿದ. ದೋಸೆ ಹಿಟ್ಟಿನ ಪಾತ್ರೆ ಕೈಯಿಂದ ಬಿತ್ತು. ನಾನೂ ಬಿದ್ದೆ. ನನ್ನ ಅಳು ಕೇಳಲು ಮೂರು ಬೀದಿಯ ಜನ ಬಂದಿದ್ದರಂತೆ. ಸಂಜೆ ಚಿಕ್ಕತಾಯಮ್ಮ ಸಾಸರಿಗೆ ಬೆಲ್ಲ ಹಾಕಿ ಅಂಗೈ ಮಗುಚಿದಳು. ಬೀದಿಯ ತಿರುವಿನಲ್ಲಿ ಬೋರೇಶ ನಿಂತಿದ್ದ, ನಗು ಕಾಣದಿರಲೆಂದು ಛತ್ರಿಯನ್ನು ಬಾಯಿಗೆ ಅಡ್ಡ ಹಿಡಿದು. ಅದೇ ಛತ್ರಿ ಕಿತ್ತುಕೊಂಡು ಅವನ ಬೆನ್ನಿಗೆ ಬಾರಿಸಿದೆ. ಕಡ್ಡಿ ಬಾಗಿತು. ಅವನು ಅದನ್ನು ಅಂಗಡಿಯಲ್ಲಿ ತೂಗುಹಾಕಿ "ಮಾರಾಟಕ್ಕಿಲ್ಲ" ಎಂದು ಚೀಟಿ ಅಂಟಿಸಿದ. ಬೀದಿಯವರು ಎಷ್ಟೋ ದಿನ ನನ್ನ ಅಳುವನ್ನು ಹೊಗಳಿದರು. ಅತ್ತೆಯವರು ಮಾತ್ರ, "ಒಂದೇ ಏಟಿಗೆ ಅಷ್ಟೂ ಸುರಿದುಬಿಟ್ಯಲ್ಲೇ," ಎಂದರು. ಅವರು ಮಗನಿಗಾಗಿ ಅಳುವುದನ್ನು ಅವನು ಶಾಲೆಗೆ ಹೋಗುವಾಗಲೇ ಮುಗಿಸಿದ್ದರು.

ಅತ್ತೆ ಕೆಂಪಾಜಮ್ಮನವರಿಗೆ ಕಾಗೆಗಳ ಮೇಲೆ ಹಗೆ. ಹಠಕ್ಕೆ ಬಿದ್ದು ಛತ್ರಿಯಿಲ್ಲದೆ ಮಾಳಿಗೆ ಹತ್ತಿ ಓಡಿಸಲು ಹೋಗುತ್ತಿದ್ದರು. ಹಾಗಾಗಿ ಊರಲ್ಲೇ ಅತಿ ಹೆಚ್ಚು ಸಲ ಮುಟ್ಟಿಸಿಕೊಂಡವರು ಅವರು. ತಂಗಿ, ತಮ್ಮ, ತಮ್ಮನ ಮಕ್ಕಳು, ಹಾಲಿನ ನಿಂಗಮ್ಮ, ಎಲ್ಲರೂ ಖರ್ಚಾಗಿದ್ದರು. ಜಾಗದ ವಿಷಯಕ್ಕೆ ದಾವೆ ಹೂಡಿದ್ದ ದಾಯಾದಿ ಕೂಡ ಒಮ್ಮೆ ಅತ್ತಿದ್ದ. ಖುಷಿಗೆ ಅತ್ತದ್ದು ಲೆಕ್ಕಕ್ಕೆ ಬರುವುದೇ ಎಂದು ಹಿರಿಯರು ಕೂತು ಯೋಚಿಸಿ, ಕಣ್ಣೀರು ಕಣ್ಣೀರೇ ಎಂದು ತೀರ್ಮಾನಿಸಿದ್ದರು. ಉಳಿದವಳು ನಾನು. "ಸೊಸೆ ಒಬ್ಳನ್ನ ಮುಟ್ದೆ ಇಟ್ಟಿವ್ನಿ, ಪೆಟ್ಟಿಗೇಲಿ ರೇಷ್ಮೆ ಸೀರೆ ಇಟ್ಟಂಗೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಹೋದ ವರ್ಷ ಬೋರೇಶ ಛತ್ರಿ ಕಡ್ಡಿ ತರಲು ಪಕ್ಕದ ಪೇಟೆಗೆ ಹೋದ. ಮಧ್ಯಾಹ್ನ ಹೊನ್ನಯ್ಯ ಬಂದು ಬಾಗಿಲಲ್ಲಿ ನಿಂತ. ಟೊಪ್ಪಿಗೆ ತೆಗೆಯಲಿಲ್ಲ. "ಬೋರೇಸಪ್ಪ," ಅಂದ, ಅಷ್ಟೇ. ನನಗೆ ನಗು ಬಂತು. "ಹೊನ್ನಯ್ಯ, ಮನೆ ತಪ್ಪಿದಿರಿ. ಅವರಿಗೆ ನಾನೂ ಅತ್ತೆಯೂ ಇಬ್ಬರೂ ಖರ್ಚಾದವರು. ಅವರ ಚಿಕ್ಕಪ್ಪ ಇನ್ನೂ ಹಾಗೇ ಇದ್ದಾರೆ, ಅಲ್ಲಿಗೆ ಹೋಗಿ. ಕಾಫಿ ಕುಡಿದು ಹೋಗಿ," ಎಂದೆ. ಅವನು ನಿಂತೇ ಕಾಫಿ ಕುಡಿದ. ಬಚ್ಚಲಿಗೆ ಹೋಗಿ ಸಾಸರನ್ನು ತಾನೇ ತೊಳೆದ. ಹೊಸ್ತಿಲ ಮೇಲೆ ಇಟ್ಟು ಹೊರಟುಹೋದ.

ಕಾಗೆಗಳು ಬಂದವು, ಕೂತವು. ಬೆಲ್ಲ ಬರಲಿಲ್ಲ.

ಕಾಗೆ ಮುಟ್ಟಿರಲಿಲ್ಲ, ಬರಿಯ ಸಾವು ಎಂದು ಊರವರು ಸಮಾಧಾನ ಹೇಳಿದರು. ಅವನ ಚಿಕ್ಕಪ್ಪ ಅತ್ತರು. ಅಂಗಡಿ ಪಕ್ಕದ ಪೆನ್ನಿನ ರಿಪೇರಿಯವನು ಅತ್ತ. ನಾವಿಬ್ಬರೂ ಅಳಲಿಲ್ಲ. ಯಾರೂ ಅದನ್ನು ತಪ್ಪು ತಿಳಿಯಲಿಲ್ಲ, ನಮ್ಮ ಪಾಲಿನದು ಮುಗಿದಿತ್ತಲ್ಲ. ನಾನು ಎದ್ದೆ, ಅಡಿಗೆ ಮಾಡಿದೆ, ಅಂಗಡಿಯ ಬಾಗಿಲು ತೆಗೆದೆ. ಆ ಸಾಸರನ್ನು ಅತ್ತೆಯವರು ಅಡಿಗೆಮನೆಯ ಗೂಡಿನಲ್ಲಿ ಬೋರಲು ಹಾಕಿಟ್ಟರು. ಅದನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಬಿಟ್ಟು ಬೇರೆ ಮಾತು ಇರಲಿಲ್ಲ.

ಈ ಬೇಸಿಗೆಯಲ್ಲಿ ಅತ್ತೆಯವರು ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದರು. ಸಂಜೆ ತೆಗೆಯಲು ಹೋದವರು ಬರುವುದು ತಡವಾಯಿತು. ಕೆಳಗಿಳಿದಾಗ ಎದೆಗೆ ಸಂಡಿಗೆ ಬಟ್ಟೆ ಅವುಚಿಕೊಂಡಿದ್ದರು, ತುರುಬು ಬಿಚ್ಚಿತ್ತು, ಕೂದಲಲ್ಲಿ ಒಂದು ಪುಟ್ಟ ಕರಿ ಗರಿ.

"ಅತ್ತೆ, ತಲೆ ಮೇಲೆ..."

"ಏನೂ ಇಲ್ಲ. ನೀನೇನೂ ನೋಡಿಲ್ಲ."

"ನೋಡಿಲ್ಲ ಅತ್ತೆ."

"ನೋಡಿದ್ರೂ ಮರ್ತುಬುಡು. ಅಷ್ಟು ಓದಿದ್ದೀಯ, ಮರೆಯೋಕೆ ಬರ್ದೇ ಇರ್ತದಾ?"

ಬೆಳಿಗ್ಗೆ ಅವರು ಒಳ್ಳೆಯ ಸೀರೆ ಉಟ್ಟು ಚೀಲ ಹಿಡಿದು ನಿಂತರು. "ತಂಗಿಗೆ ಕಾಲು ನೋವಂತೆ. ಹೋಗಿ ಬತ್ತೀನಿ," ಎಂದರು. ತಂಗಿಯ ಮನೆ ಎರಡು ಬೀದಿ ಆಚೆ. ಹೊಸ್ತಿಲು ದಾಟಿದವರು ತಿರುಗಿ ನಿಂತು, "ವಾರಿಜಾ, ನಾನು ಹೋದ್ರೆ ನಿಂಗೇನನ್ನಿಸ್ತದೆ?" ಎಂದು ಕೇಳಿದರು.

"ತಂಗಿ ಮನೆಗಾ?"

"ಹೂಂ. ತಂಗಿ ಮನೆಗೇ." ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಸುಮ್ನೆ ಕೇಳ್ದೆ," ಎಂದು ಹೊರಟರು.

ನನಗೆ ಕಾಗೆಗಳಲ್ಲಿ ನಂಬಿಕೆಯಿಲ್ಲ. ಆದರೆ ಟಾಕೀಸಿನ ಗೇಟ್‌ಕೀಪರ್ ರಾಚಪ್ಪನನ್ನು ನೋಡಿದ್ದೆ. ಅವನಿಗಾಗಿ ಅಳಲು ಯಾರೂ ಉಳಿದಿರಲಿಲ್ಲ. ಕಾಗೆ ಮುಟ್ಟಿದ ಮರುದಿನ ಸಂಜೆ ಗೇಟಿಗೆ ಬೀಗ ಹಾಕಿ, ಬೀಗದ ಕೈ ಮ್ಯಾನೇಜರಿಗೆ ಕೊಟ್ಟು, ಮನೆಗೆ ಹೋಗಿ ಮಲಗಿದ. ವಾರದೊಳಗೆ ಹೋದ. ಕಾಗೆ ಕೊಂದಿತೋ ನಂಬಿಕೆ ಕೊಂದಿತೋ ಎಂದು ವಾದ ಮಾಡಬಹುದು. ರಾಚಪ್ಪನಿಗೆ ಎರಡೂ ಒಂದೇ. ಅತ್ತೆಯವರೂ ಮಲಗುವ ಪೈಕಿ. ಸಂಜೆಯೊಳಗೆ ನಾನು ಅಳಬೇಕು. ನನಗೋ ಸಾವು ಸುಳ್ಳೆಂದು ಮೊದಲೇ ಗೊತ್ತು. ಗೊತ್ತಿಲ್ಲದಿದ್ದರೂ ಅಳು ಬರುವ ಭರವಸೆಯಿರಲಿಲ್ಲ. ಒಂದು ವರ್ಷದಿಂದ ಈರುಳ್ಳಿ ಹೆಚ್ಚಿದರೂ ನನ್ನ ಕಣ್ಣಲ್ಲಿ ನೀರು ಬಂದಿರಲಿಲ್ಲ.

ಪ್ರಯತ್ನ ಮಾಡಿದೆ. ನೆನಪುಗಳನ್ನು ಒಂದೊಂದಾಗಿ ತಂದುಕೊಂಡೆ. ಅತ್ತೆಯವರು ನನಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟದ್ದು. ಅದಕ್ಕೂ ಉಪ್ಪು ಹೆಚ್ಚಾಗಿತ್ತು ಎಂಬುದು ನೆನಪಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ದೇವೀರಮ್ಮ ಗೋಡೆಯ ಮೇಲಿಂದ ಇಣುಕಿ, "ನಿಮ್ಮತ್ತೆ ಎಂಥಾ ಬಂಗಾರದಂಥೋರು ಅಲ್ವಾ ವಾರಿಜಮ್ಮ?" ಎಂದರು. ಹಿಂದಿನ ವಾರವಷ್ಟೇ ನಲ್ಲಿಯ ಬಳಿ ಅವರನ್ನು ರಾಕ್ಷಸಿ ಎಂದಿದ್ದರು. ನೆಲ ಹದ ಮಾಡುವ ಕೆಲಸ ಶುರುವಾಗಿದೆ ಎಂದು ತಿಳಿಯಿತು. ಹಾಲಿನ ನಿಂಗಮ್ಮ ಕರೆಯದೆ ಬಂದು, "ಮನುಷ್ಯರ ಬಾಳು ನೀರ ಮೇಲಣ ಗುಳ್ಳೆ," ಎಂದು ಹೇಳಿ ಹೋದಳು.

ಹೊನ್ನಯ್ಯ ಬಂದಾಗ ಮಧ್ಯಾಹ್ನ ದಾಟಿತ್ತು. ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡ. ತುಟಿ ನಡುಗಿಸಿದ. ಚೆನ್ನಾಗಿ ನಡುಗಿಸುತ್ತಾನೆ.

"ಅವ್ವಾ... ನಿಮ್ಮತ್ತೇರು..."

"ಹೇಗಾಯ್ತು ಹೊನ್ನಯ್ಯ?" ಎಂದೆ. ನಂಬಬೇಕೆಂದು ನನಗೆ ನಿಜವಾಗಿಯೂ ಇತ್ತು.

"ಉಣ್ತಾ ಕುಂತಿದ್ರು. ಹಂಗೇ ಹಿಂದಕ್ಕೆ ಒರಗಿದ್ರು."

"ಏನು ಊಟ?"

ಅವನು ಇದನ್ನು ನಿರೀಕ್ಷಿಸಿರಲಿಲ್ಲ. "ಮುದ್ದೆ. ಬದನೇಕಾಯಿ ಸಾರು."

"ಅವರಿಗೆ ಬದನೇಕಾಯಿ ಆಗೋದೇ ಇಲ್ಲ."

"ಅದ್ಕೇ ಅಂತೀನಿ!" ಎಂದ ಹೊನ್ನಯ್ಯ.

ನಾನು ಮುಖವನ್ನು ಅಳುವಿನ ಆಕಾರಕ್ಕೆ ತಂದೆ. ಹುಬ್ಬು ಕೂಡಿಸಿದೆ, ಗಲ್ಲ ಬಿಗಿದೆ. ಹೊನ್ನಯ್ಯ ಮುಂದೆ ಬಾಗಿ ನನ್ನ ಕಣ್ಣನ್ನೇ ನೋಡುತ್ತಿದ್ದ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ.

"ಬತ್ತಾ ಐತಾ?"

"ಇಲ್ಲ ಹೊನ್ನಯ್ಯ."

"ಇನ್ನೊಸಿ ಹೇಳ್ಲಾ? ಕೊನೇಗಳಿಗೇಲಿ ನಿಮ್ಮ ಹೆಸರನ್ನೇ ಕರುದ್ರು ಅಂತ?"

"ಕರೆದರಾ?"

"ಕರೀದೆ ಇರ್ತಾರಾ? 'ಸಾರಿಗೆ ಉಪ್ಪು ನೋಡ್ಕೊಂಡು ಹಾಕು ಅಂತ ಹೇಳು' ಅಂದ್ರು."

ನಾನು ನಕ್ಕುಬಿಟ್ಟೆ. ಅವನ ತುಟಿಯ ನಡುಕ ನಿಂತಿತು. ಸೋತವನಂತೆ ಜಗಲಿಯ ಮೇಲೆ ಕೂತ. ಕಾಫಿ ಕೊಟ್ಟೆ. ಕೈಗೆ ಸಿಕ್ಕಿದ ಸಾಸರು ಗೂಡಿನಲ್ಲಿ ಬೋರಲು ಹಾಕಿದ್ದೇ ಎಂದು ಕೊಟ್ಟ ಮೇಲೆ ಗೊತ್ತಾಯಿತು. ಅವನಿಗೂ ಗೊತ್ತಾಯಿತೋ ಏನೋ, ಸ್ವಲ್ಪ ಹೊತ್ತು ಅದನ್ನೇ ನೋಡಿದ. "ಸುಳ್ಳಾದ್ರೆ ಬಾಯ್ ತುಂಬ ಬತ್ತದೆ ಕಣವ್ವ," ಎಂದ. "ಅವತ್ತು ನಿಜ ಹೇಳ್ಬೇಕಾಗಿತ್ತು. ನನ್ನ ನಾಲ್ಗೆ ಮೇಲೆ ಅದು ಇರ್ನಿಲ್ಲ."

ಅವನು ಸಾಸರು ತೊಳೆದು ತಂದು ಹೊಸ್ತಿಲ ಮೇಲೆ ಇಟ್ಟ. "ಇದು ಇಲ್ಲೇ ಇರ್ಲಿ. ಆಮ್ಯಾಕೆ ಅಳು ಬಂದ್ರೆ ಆಯ್ತದೆ," ಎಂದು ಟೊಪ್ಪಿಗೆ ಹಾಕಿಕೊಂಡು ಹೋದ.

ಬಿಸಿಲು ಇಳಿಯಿತು. ನಾನು ಸಾಸರಿನ ಪಕ್ಕ ಕೂತೆ. ಅತ್ತೆಯವರ ಬಳಿಗೆ ಹೋಗಿ ಅತ್ತದ್ದಾಯಿತು ಎಂದು ಸುಳ್ಳು ಹೇಳಬಹುದಿತ್ತು. ಈ ಊರಿನಲ್ಲಿ ಸಾವಿನ ಬಗ್ಗೆ ಎಷ್ಟು ಸುಳ್ಳು ಬೇಕಾದರೂ ನಡೆಯುತ್ತದೆ. ಅಳುವಿನ ಬಗ್ಗೆ ನಡೆಯುವುದಿಲ್ಲ. ನನ್ನ ಕಣ್ಣು ಒಮ್ಮೆ ನೋಡಿದರೆ ಸಾಕು, ಅವರು ಸೀದಾ ಹೋಗಿ ಚಾಪೆ ಬಿಡಿಸುತ್ತಾರೆ. ಗೂಡು, ಒಲೆ, ಇಬ್ಬರ ತಟ್ಟೆ. ನಾಳೆಯಿಂದ ಒಂದು ತಟ್ಟೆ. ಉಪ್ಪಿನ ಬಗ್ಗೆ ಹೇಳುವವರೂ ಇರುವುದಿಲ್ಲ. ಇಷ್ಟು ಯೋಚಿಸಿದಾಗ ಎದೆಯಲ್ಲಿ ಏನೋ ಆದಂತಾಯಿತು. ಹಸಿವೆಯೂ ಇರಬಹುದು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಕೆರೆಯ ಕಡೆ ಕಪ್ಪು ಗೆರೆ ಕಾಣಿಸಿತು. ಬೀದಿಯಲ್ಲಿ ಛತ್ರಿಗಳು ಬಿಚ್ಚಿಕೊಂಡವು. ದೇವೀರಮ್ಮ ಗೋಡೆಯ ಮೇಲಿಂದ ನೋಡಿ, ನನ್ನ ಒಣ ಮುಖ ಕಂಡು, ಹಣೆ ಚಚ್ಚಿಕೊಂಡರು. ಅವರು ಏನೋ ಕೂಗಿದರು. ಕೇಳಲಿಲ್ಲ. ಕಾಗೆಗಳು ಬಂದಿದ್ದವು.

ಆ ಸದ್ದಿನ ನಡುವೆ ಚಿಕ್ಕತಾಯಮ್ಮ ಬಂದಳು. ಹೊಸ್ತಿಲ ಮೇಲೆ ಸಾಸರು ಇದೆಯೆಂದು ಯಾರೋ ಅವಳಿಗೆ ಹೇಳಿದ್ದರು. ಸಾಸರು ಇದೆಯೆಂದರೆ ಅತ್ತಾಗಿದೆ. ಅವಳಿಗೆ ಗೊತ್ತಿದ್ದ ಲೆಕ್ಕ ಅಷ್ಟು. ಗಂಡ ಬರಿಗೈಯಲ್ಲಿ ಬಂದದ್ದನ್ನು ಹೇಳಿರಲಿಲ್ಲ, ಹೇಳಿದ್ದರೆ ಅವಳು ಜನ್ಮವಿಡೀ ಆಡಿಕೊಳ್ಳುತ್ತಿದ್ದಳು. ಬೇಡ, ಬೇಡ ಎಂದು ನಾನು ಕೈಯಾಡಿಸಿದೆ. ಇನ್ನೂ ಆಗಿಲ್ಲ ಎನ್ನುವುದಕ್ಕೆ ಕೈಸನ್ನೆ ಏನೆಂದು ತೋಚಲಿಲ್ಲ. ಅವಳು ಬೆಲ್ಲದ ಒಂದು ಚೂರನ್ನು ಸಾಸರಿಗೆ ಹಾಕಿದಳು. ಇನ್ನೊಂದನ್ನು ನನ್ನ ಬಾಯಿಗೆ ತುರುಕಿದಳು. ನನ್ನ ಮುಖದ ಮುಂದೆ ಅಂಗೈ ಮಗುಚಿದಳು. ಸುಳ್ಳು. ಆಮೇಲೆ ಬೀದಿಯ ತಿರುವಿಗೆ ಕೈ ತೋರಿಸಿದಳು.

ಅಲ್ಲಿ ಒಂದು ಛತ್ರಿಯಡಿ ಯಾರೋ ನಿಂತಿದ್ದರು. ಛತ್ರಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ತಲೆ ಒಂದು ಕಡೆಗೆ ವಾಲಿತ್ತು, ಬೋರೇಶ ವಾಲಿಸುತ್ತಿದ್ದ ಹಾಗೆಯೇ. ತಾಯಿಯಿಂದ ಬಂದದ್ದೆಂದು ನಾನು ಅದುವರೆಗೆ ಗಮನಿಸಿರಲಿಲ್ಲ.

ಬೆಲ್ಲ ನಾಲಿಗೆಯ ಮೇಲೆ ಕರಗಿತು. ಸ್ವಲ್ಪ ಉಪ್ಪುಪ್ಪಾಗಿತ್ತು. ಆಮೇಲೆ ತಿಳಿಯಿತು, ಉಪ್ಪು ಬೆಲ್ಲದ್ದಲ್ಲ.

ಎಷ್ಟು ಹೊತ್ತೋ ಗೊತ್ತಿಲ್ಲ. ಕಾಗೆಗಳ ಸದ್ದಿನಲ್ಲಿ ನನಗೇ ನನ್ನ ಸದ್ದು ಕೇಳುತ್ತಿರಲಿಲ್ಲ. ಹಾಗಾಗಿ ತಡೆಯಬೇಕೆಂದೂ ಅನ್ನಿಸಲಿಲ್ಲ. ಇದ್ದಕ್ಕಿದ್ದಂತೆ ಅವು ಎಲ್ಲವೂ ಕೂತವು. ಊರು ನಿಶ್ಶಬ್ದವಾಯಿತು. ನನ್ನ ಅಳು ಒಂದೇ ಕೇಳುತ್ತಿತ್ತು. ಬೀದಿಗೆ ಬೀದಿಯೇ ಛತ್ರಿ ಮುಚ್ಚುವುದನ್ನು ಮರೆತು ಸುತ್ತ ನಿಂತಿತ್ತು.

ಮೊದಲು ಮಾತಾಡಿದವನು ಹೊನ್ನಯ್ಯ. "ಇದು ನಡಿಯಕಿಲ್ಲ. ಬೆಲ್ಲ ಬಂದ ಮ್ಯಾಲೆ ಅಳೋದು ಎಲ್ಲಾದ್ರೂ ಉಂಟಾ? ಮೊದ್ಲು ಅಳು, ಆಮ್ಯಾಕೆ ಬೆಲ್ಲ."

"ನೀನು ಅಳಿಸಕಾಗ್ನಿಲ್ಲ, ನಾನು ಬೆಲ್ಲ ಕೊಟ್ಟು ಅಳಿಸ್ದೆ," ಎಂದಳು ಚಿಕ್ಕತಾಯಮ್ಮ. ಅವಳ ಮುಖ ಹೊಳೆಯುತ್ತಿತ್ತು. "ಕಾಗೆ ಇನ್ನೂ ಕುಂತಿರ್ನಿಲ್ಲ. ನಾನು ಕಂಡಿವ್ನಿ."

ಅತ್ತೆಯವರು ಗುಂಪು ಬಿಡಿಸಿಕೊಂಡು ನನ್ನ ಎದುರು ಬಂದು ನಿಂತರು. ಮುಖ ಬಿಳಿಚಿತ್ತು. "ನಿಜ ಹೇಳು. ಯಾರ ಹೆಸರಲ್ಲಿ ಅಳ್ತಾ ಇದ್ದೀಯೆ? ನಂದಾ, ಅವನದಾ?"

ಸುಳ್ಳು ಹೇಳಲು ಉಸಿರು ಇರಲಿಲ್ಲ. "ಅವರದು," ಎಂದೆ.

ಬೀದಿ ನಿಟ್ಟುಸಿರು ಬಿಟ್ಟಿತು. ದೇವೀರಮ್ಮ, "ಹೋಯ್ತು ಜೀವ," ಎಂದರು. ಅತ್ತೆಯವರು ಕಣ್ಣು ಮುಚ್ಚಿದರು. ಚಾಪೆಯ ಕಡೆ ಹೊರಟೇಬಿಟ್ಟರು ಎಂದುಕೊಂಡೆ. ಆದರೆ ಅವರು ಬಹಳ ವರ್ಷ ಕೋರ್ಟಿಗೆ ಅಲೆದವರು. ಕಣ್ಣು ತೆರೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊನ್ನಯ್ಯನ ಕಡೆ ತಿರುಗಿದರು.

"ಅವನಿಗೆ ಇವಳು ಆಗ್ಲೇ ಒಂದ್ಸಲ ಅತ್ತಾಗಿದೆ. ಹೌದೋ ಅಲ್ವೋ?"

"ಹೌದು."

"ಎರಡನೇ ಸಲದ್ದು ಅವನ ಲೆಕ್ಕಕ್ಕೆ ಸೇರ್ತದಾ?"

"ಸೇರಕಿಲ್ಲ. ಕಟ್ಟಳೆ ಐತಲ್ಲ."

"ಹಂಗಾದ್ರೆ ಇದು ಯಾರ್ದೂ ಅಲ್ಲದ ಅಳು. ವಾರಸುದಾರರಿಲ್ಲ. ನನ್ನ ಹೊಸ್ತಿಲ ಮೇಲೆ ಬಿದ್ದದೆ. ನನ್ನ ಸಾವಿನ ಸುದ್ದಿ ಬಂದ ದಿವಸ ಬಿದ್ದದೆ. ಅದನ್ನ ನಾನು ತಕ್ಕೋತೀನಿ. ತಕರಾರಿದ್ದೋರು ದಾವೆ ಹಾಕ್ಲಿ."

ಹೊನ್ನಯ್ಯ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಕೊನೆಗೆ ಅವನೇ, "ಕಣ್ಣೀರು ಕಣ್ಣೀರೇ," ಎಂದ. ಛತ್ರಿಗಳು ಮುಚ್ಚಿಕೊಂಡವು. ಗಂಡ ಹೆಂಡತಿ ನಿಲ್ಲಿಸಿದ್ದ ಜಗಳವನ್ನು ಎತ್ತಿಕೊಂಡು ಮನೆಯ ಕಡೆ ನಡೆದರು.

ಒಳಗೆ ಬಂದು ಒಲೆ ಹಚ್ಚಿದೆ. ಅತ್ತೆಯವರು ಬೆಲ್ಲದ ಸಾಸರನ್ನು ಮಡಿಲಲ್ಲಿಟ್ಟುಕೊಂಡು ಮಣೆಯ ಮೇಲೆ ಕೂತರು. ತಂಗಿಯ ಮನೆಯಲ್ಲಿ ಬೆಳಿಗ್ಗೆಯಿಂದ ಏನು ಕೊಟ್ಟರೂ ತಿಂದಿರಲಿಲ್ಲವಂತೆ. ಅಕ್ಕಿ ತೊಳೆದು ಇಟ್ಟೆ. ಇವತ್ತು ಉಪ್ಪು ನೀವೇ ಹಾಕಿ ಎಂದೆ. ಅವರು ಒಲೆಯನ್ನು ನೋಡುತ್ತ ಕೇಳಿದರು.

"ಹೆಂಗೆ ಬಂತೇ ಅದು, ಎರಡನೇ ಸಲ?"

"ಗೊತ್ತಿಲ್ಲ ಅತ್ತೆ. ಬೆಲ್ಲ ಬಾಯಿಗೆ ಬಿದ್ದಾಗ ಬಂತು."

ಅವರು ಸಾಸರಿನಲ್ಲಿದ್ದ ಚೂರನ್ನು ನೋಡಿದರು. ಎತ್ತಿಕೊಂಡರು, ಮತ್ತೆ ಇಟ್ಟರು. ಹೊರಗೆ ಮಾಳಿಗೆಯ ಮೇಲೆ ಕಾಗೆಯೊಂದು ನಿದ್ದೆಯಲ್ಲಿ ಗೊಣಗಿತು. ಅತ್ತೆಯವರು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಬಾಯಿ ಮುಚ್ಚಿದರು.

ನಾನು ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಅಗುಳಿ ಸರಿಸಿದೆ. ದೇವೀರಮ್ಮನಿಗೆ ಕೇಳಿಸಿದರೆ, ಅತ್ತೆಯವರ ಈ ಅಳು ಯಾರ ಲೆಕ್ಕಕ್ಕೆ ಎಂದು ಬೀದಿಯವರೆಲ್ಲ ಮತ್ತೆ ಪಂಚಾಯಿತಿ ಕೂರುತ್ತಿದ್ದರು.